ಡಬ್ಬಿ ಬೇರೆ, ಒಲೆ ಒಂದೇ

ಮದುವೆ ಮನೆಯಲ್ಲಿ 'ಸಾಫ್ಟ್‌ವೇರ್‌ನಲ್ಲಿದ್ದೀನಿ' ಅಂದರೆ ಯಾರೂ ಮುಂದೆ ಕೇಳಲ್ಲ. 'ಕಾರಿಗೆ ಸಾಫ್ಟ್‌ವೇರ್ ಮಾಡ್ತೀನಿ' ಅಂದರೆ ಮಾತ್ರ ನಾಲ್ಕು ಜನ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಹ್ಯಾಕ್ ಮಾಡಬಹುದಾ? ಓಡ್ತಾ ಓಡ್ತಾ ಹ್ಯಾಂಗ್ ಆದ್ರೆ?

ಆ ಕೊನೆಯ ಪ್ರಶ್ನೆಯೇ ನನ್ನ ಹೊಟ್ಟೆಪಾಡು.

ಈಗಿನ ಕಾರಿನೊಳಗೆ ಹತ್ತಾರು ಪುಟ್ಟ ಕಂಪ್ಯೂಟರ್‌ಗಳಿರುತ್ತವೆ. ಕಿಟಕಿಗೊಂದು, ಏರ್‌ಬ್ಯಾಗಿಗೊಂದು, ಬ್ರೇಕಿಗೊಂದು. ಹೊಸ ಕಾರುಗಳಲ್ಲಿ ಇವುಗಳಲ್ಲಿ ಹಲವನ್ನು ಒಟ್ಟುಗೂಡಿಸಿ ಒಂದೆರಡು ದೊಡ್ಡ ಕಂಪ್ಯೂಟರ್‌ಗಳ ಮೇಲೆ ಕೂರಿಸುತ್ತಿದ್ದಾರೆ. ಹೀಗೆ ಹತ್ತು ಪ್ರೋಗ್ರಾಮ್‌ಗಳು ಒಂದೇ ಮನೆಯಲ್ಲಿ ಬಾಳಬೇಕಾದಾಗ ಜಗಳವಾಗದಂತೆ ಪ್ರತಿಯೊಂದನ್ನೂ ಅದಕ್ಕೆ ಬೇಕಾದ ಸಾಮಾನಿನ ಸಮೇತ ಒಂದೊಂದು ಡಬ್ಬಿಯಲ್ಲಿಡುತ್ತೇವೆ. ಅದೇ ಕಂಟೇನರ್. ಟಿಫಿನ್ ಕ್ಯಾರಿಯರ್ ಇದ್ದ ಹಾಗೆ: ಸಾರು ಮೊಸರನ್ನಕ್ಕೆ ಸೇರಲ್ಲ, ಪಲ್ಯದ ಡಬ್ಬಿ ಮಾತ್ರ ಬದಲಾಯಿಸಬೇಕೆಂದರೆ ಪೂರ್ತಿ ಕ್ಯಾರಿಯರ್ ಬಿಸಾಡಬೇಕಿಲ್ಲ.

2013ರಲ್ಲಿ ಡಾಕರ್, 2014ರಲ್ಲಿ ಗೂಗಲ್‌ನಿಂದ ಕುಬರ್ನೆಟಿಸ್ ಬಂದ ಮೇಲೆ ಸರ್ವರ್ ಲೋಕದಲ್ಲಿ ಇದು ಮಾಮೂಲಿಯಾಯಿತು. ಕಾರಿನಲ್ಲಿ ಮಾತ್ರ ಲೆಕ್ಕವೇ ಬೇರೆ. ಡೇಟಾ ಸೆಂಟರ್‌ನಲ್ಲಿ ಒಂದು ಮೆಷಿನ್ ಸತ್ತರೆ ಕೆಲಸ ಪಕ್ಕದ ಮೆಷಿನ್‌ಗೆ ಹೋಗುತ್ತೆ. ಶಿರಾಡಿ ಘಾಟಿಯಲ್ಲಿ ಹೋಗುವ ಕಾರಿಗೆ ಪಕ್ಕದ ಮೆಷಿನ್ ಎಲ್ಲಿದೆ? ಎಷ್ಟೋ ತಿರುವುಗಳಲ್ಲಿ ಟವರ್ರೂ ಸಿಗಲ್ಲ. ಕೀ ತಿರುಗಿಸಿದ ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಎದ್ದು ಕೂರಬೇಕು. ಅದಕ್ಕೇ ಪಾಡ್‌ಮ್ಯಾನ್, ಎಕ್ಲಿಪ್ಸ್ ಆಂಕಾಯೋಸ್‌ನಂಥ ಹಗುರ ಸಾಧನಗಳನ್ನು ನೋಡುತ್ತೇವೆ.

ಇನ್ನೊಂದು ವಿಷಯ. ಡಬ್ಬಿಗಳು ಬೇರೆಯಾದರೂ ಒಲೆ ಒಂದೇ. ಎಲ್ಲ ಕಂಟೇನರ್‌ಗಳ ಕೆಳಗಿರುವ ಲಿನಕ್ಸ್ ಕರ್ನೆಲ್ ಒಂದೇ, ಮೆಮೊರಿಯೂ ಒಂದೇ. ಒಲೆ ಆರಿದರೆ ಎಲ್ಲ ಡಬ್ಬಿಯೂ ತಣ್ಣಗೆ. ಆದ್ದರಿಂದಲೇ ಬ್ರೇಕು, ಸ್ಟೀರಿಂಗು ಈ ಸಾಲಿಗೆ ಬರುವುದಿಲ್ಲ. ಅವು ಬೇರೆ ಕಂಟ್ರೋಲರ್‌ಗಳಲ್ಲಿ, 2011ರಿಂದಿರುವ ಐಎಸ್‌ಒ 26262ರ ಕಟ್ಟುನಿಟ್ಟಿನಲ್ಲಿ ಓಡುತ್ತವೆ.

ಹೋದ ವರ್ಷ ಊರಿಂದ ಅಪ್ಪ ಫೋನ್ ಮಾಡಿದ್ರು. "ಲೋ, ಗಾಡಿ ಸ್ಕ್ರೀನು ಕಪ್ಪಾಗೋಯ್ತು ಕಣೋ. ಬ್ರೇಕ್ ಕೈ ಕೊಡಲ್ಲ ತಾನೆ?"

"ಇಲ್ಲಪ್ಪ, ಅದು ಬೇರೆ."

"ಸರಿ ಬಿಡು. ರಿವರ್ಸ್ ತಗೋವಾಗ ಕ್ಯಾಮೆರಾ ಬರ್ಲಿಲ್ಲ ಅಂತ ಇಳಿದು ನೋಡ್ದೆ. ಹಿಂದೆ ಪಾಪು ಕೂತ್ಕೊಂಡು ಮಣ್ಣಾಡ್ತಿದ್ದಳು."

ಪಾಪು ಅಂದರೆ ನನ್ನಕ್ಕನ ಮಗಳು, ಎರಡೂವರೆ ವರ್ಷ. ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ನನಗೆ ಕೆಲಸ ಮಾಡೋಕಾಗಲಿಲ್ಲ. ಅದು ನಮ್ಮ ಕಂಪನಿ ಮಾಡಿದ ಕಾರಲ್ಲ. ಆದರೂ ನಾವು ಮಾಡುವುದು ಅದೇ ಥರದ ಸ್ಕ್ರೀನು.

ಆ ತಿಂಗಳೇ ನಮ್ಮ ಟೀಮಿನಲ್ಲೊಂದು ಪಟ್ಟಿ ಸಿದ್ಧವಾಗುತ್ತಿತ್ತು. ಮೆಮೊರಿ ಸಾಲದೇ ಹೋದಾಗ ಯಾವ ಕಂಟೇನರನ್ನು ಮೊದಲು ನಿಲ್ಲಿಸಬೇಕು ಅನ್ನೋ ಪಟ್ಟಿ. ಮಾತಾಡುವ ಅಸಿಸ್ಟೆಂಟ್ ಕೊನೆಯವರೆಗೂ ಉಳಿಯಬೇಕೆಂದು ಒಂದು ಬಣ. ಶೋರೂಮಿನಲ್ಲಿ ಗಿರಾಕಿ ಮೊದಲು ಮಾತಾಡಿಸೋದು ಅದನ್ನೇ ಅಲ್ಲವೇ. ಹಿಂದಿನ ಕ್ಯಾಮೆರಾದ ಮೆಮೊರಿಯನ್ನು ಮೊದಲೇ ಕಾದಿರಿಸಬೇಕು, ಯಾರಿಗೂ ಮುಟ್ಟಲು ಬಿಡಬಾರದು ಎಂದು ನಾನು. ಅಪ್ಪನ ಕಥೆ ಹೇಳಲಿಲ್ಲ. ಮೀಟಿಂಗಿನಲ್ಲಿ ಕಥೆ ನಿಲ್ಲಲ್ಲ, ಅಂಕಿ ನಿಲ್ಲುತ್ತೆ. ಮೆಮೊರಿ ತುಂಬಿಸಿ, ರಿವರ್ಸ್ ಗೇರ್ ಹಾಕಿ, ಚಿತ್ರ ಬರಲು ಎಷ್ಟು ಹೊತ್ತಾಗುತ್ತೆ ಅಂತ ಎರಡು ದಿನ ಅಳೆದು ತೋರಿಸಿದೆ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆಲ್ಲ ಹಿಂದಿನ ಕ್ಯಾಮೆರಾ ಕಡ್ಡಾಯ ಅನ್ನೋದನ್ನೂ ಸ್ಲೈಡಿನಲ್ಲಿ ಹಾಕಿದೆ. ಮೂರನೇ ಮೀಟಿಂಗಿಗೆ ಅಸಿಸ್ಟೆಂಟು ಪಟ್ಟಿಯ ಮೇಲಕ್ಕೆ ಹೋಯಿತು, ಅಂದರೆ ಮೊದಲು ನಿಲ್ಲುವ ಜಾಗಕ್ಕೆ. ಕ್ಯಾಮೆರಾ ಪಟ್ಟಿಯಿಂದಲೇ ಹೊರಗೆ ಬಂತು.

ನಿಮ್ಮ ಕಾರು 'ಅಪ್‌ಡೇಟ್ ಇದೆ' ಅಂದರೆ ಮನೆ ಮುಂದೆ ನಿಲ್ಲಿಸಿದಾಗ ಹಾಕಿಕೊಳ್ಳಿ, ಮುಂದೂಡಬೇಡಿ. ಸ್ಕ್ರೀನ್ ಕಪ್ಪಾದ ದಿನ, ಸಮಯ ಬರೆದಿಟ್ಟು ಸರ್ವಿಸ್ ಸೆಂಟರಿನಲ್ಲಿ ಹೇಳಿ. ನಮ್ಮಂಥವರಿಗೆ ಆ ಒಂದು ಸಾಲು ಬಹಳ ಕೆಲಸಕ್ಕೆ ಬರುತ್ತೆ. ರಿವರ್ಸ್ ತಗೊಳ್ಳೋವಾಗ ಮಾತ್ರ, ಕ್ಯಾಮೆರಾ ಎಷ್ಟೇ ಚೆನ್ನಾಗಿರಲಿ, ನಮ್ಮಪ್ಪನ ಥರ ಒಂದ್ಸಲ ಇಳಿದು ನೋಡಿ.