ಹನ್ನೆರಡು ಕೆಜಿ ಅಡಕೆಯ ಬೆಳಕು

ಎಳ್ಳಮಾವಾಸ್ಯೆ ಜಾತ್ರೆಗೆಂದು ತೀರ್ಥಹಳ್ಳಿಗೆ ಹೋದವನು ತುಂಗೆಯಲ್ಲಿ ಮಿಂದು ಇದ್ದಬದ್ದ ಪಾಪವನ್ನೆಲ್ಲ ಕಳೆದುಕೊಂಡೆ. ಅದೇ ಸಂಜೆ ಭಾವನ ಮನೆ ಜಗಲಿಯಲ್ಲಿ ಕೂತು ಹೊಸದೊಂದನ್ನು ಕಟ್ಟಿಕೊಂಡು ಬಂದೆ. ಹೊಟ್ಟೆಕಿಚ್ಚು.

ಭಾವ ಎಂದರೆ ತಂಗಿಯ ಗಂಡ, ನನ್ನ ವಾರಗೆಯವನೇ. ಬಾಯಲ್ಲಿ ಕವಳ ಇಟ್ಟುಕೊಂಡೇ ಫೋನು ತೀಡಿದ. ಮಾಡಿನ ಅಂಚಿಗೆ ಅಂಟಿಸಿದ್ದ ಪಟ್ಟಿ ನೀಲಿಯಾಯಿತು. ಮತ್ತೆ ತೀಡಿದ, ದಾಸವಾಳದ ಕೆಂಪು. ಎದ್ದು ಹೋಗಿ ಕವಳ ಉಗಿದು ಬಂದು ಹೇಳಿದ: “ಒಟ್ಟು 1.6 ಕೋಟಿ ಬಣ್ಣ ಬರ್ತದೆ ಭಾವ.” ಮನೆಗೆ ಬಣ್ಣ ಹೊಡೆಸುವಾಗ ತಿಳಿಹಳದಿಯೋ ತಿಳಿಹಸಿರೋ ಎಂದು ತೀರ್ಮಾನವಾಗದೆ ನಾನೂ ನನ್ನವಳೂ ಮೂರು ದಿನ ಮಾತು ಬಿಟ್ಟವರು. 1.6 ಕೋಟಿ ಬಣ್ಣ ಇಟ್ಟುಕೊಂಡು ಈ ಗಂಡಹೆಂಡಿರು ಹೇಗೆ ಬಾಳ್ವೆ ಮಾಡುತ್ತಾರೋ!

ನಾವು ಹುಡುಗರಾಗಿದ್ದಾಗ ಬಣ್ಣದ ಬೆಳಕೆಂದರೆ ಸಾಗರದ ಮಾರಿಜಾತ್ರೆ. ಅದೂ ಮೂರು ವರ್ಷಕ್ಕೊಮ್ಮೆ. ಹೊಸನಗರದ ಕಡೆಯ ನಮ್ಮೂರಿಂದ ಬಸ್ಸು ಹತ್ತಿ ಹೋಗಿ, ಸೀರಿಯಲ್ ಸೆಟ್ಟಿನ ಬಲ್ಬುಗಳು ಒಂದರ ಹಿಂದೊಂದು ಓಡುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದೆವು. ಕಣ್ಣಲ್ಲಿ ತುಂಬಿಕೊಂಡು ಬಂದದ್ದು ಮುಂದಿನ ಜಾತ್ರೆವರೆಗೆ ಸಾಕಾಗುತ್ತಿತ್ತು. ಈಗ ನೋಡಿದರೆ ಭಾವನ ಮನೆಯಲ್ಲಿ ದಿನಾ ಸಂಜೆ ಜಾತ್ರೆ.

ಮರುವಾರವೇ ಸಾಗರಕ್ಕೆ ಹೋದೆ. ಬಲ್ಬೊಂದಕ್ಕೆ 700ರಂತೆ ನಾಲ್ಕಕ್ಕೆ 2,800 ರೂಪಾಯಿ. ಪಟ್ಟಿಗೆ 1,800. ಕರೆಂಟು ಹೋದಾಗಲೂ ವೈಫೈ ಉಸಿರಾಡುತ್ತಿರಲಿ ಎಂದು ಪುಟ್ಟದೊಂದು ಬ್ಯಾಟರಿ ಪೆಟ್ಟಿಗೆ, 1,400. ಒಟ್ಟು ಆರು ಸಾವಿರ. ರಾಶಿ ಅಡಕೆಗೆ ಕ್ವಿಂಟಾಲಿಗೆ 50,000 ಹಿಡಿದರೆ ಸರಿಯಾಗಿ ಹನ್ನೆರಡು ಕೆಜಿ. ಕರೆಂಟು ಹೋದಾಗ ವೈಫೈ ಬದುಕಿದ್ದು ಏನು ಉಪಯೋಗ, ಬಲ್ಬೇ ಸತ್ತಿರುತ್ತದಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದಳು: “ಹನ್ನೆರಡು ಕೆಜಿ ಸುಲಿಯೋಕೆ ಎಷ್ಟು ಹೊತ್ತು ಬೇಕು, ಗೊತ್ತಾ?”

ದುಬಾರಿಯೇ? ನಮ್ಮ ಸೀಮೆಯವರು ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಸರಿಯುತ್ತ ಬಂದಾಗ ಅಜ್ಜನ ತೋಟವೂ ಮನೆಯೂ ನೀರೊಳಗೆ ಹೋದವು. ಆ ನೀರಿಂದ ನಡೆಯುವ ಶರಾವತಿ ವಿದ್ಯುದಾಗಾರದ್ದು 1,035 ಮೆಗಾವಾಟ್ ಸಾಮರ್ಥ್ಯ. ಗುಡ್ಡ ಹತ್ತಿ ಹೊಸ ಮನೆ ಕಟ್ಟಿಕೊಂಡ ಅಜ್ಜನ ಬ್ಯಾಣದ ಮೇಲೇ ಹೈಟೆನ್ಷನ್ ಲೈನು ಹಾದುಹೋಯಿತು, ಎಲ್ಲೋ ದೂರದ ಪೇಟೆಗೆ. ಮಳೆಗಾಲದಲ್ಲಿ ಆ ತಂತಿ ಗುಂಯ್‌ಗುಡುತ್ತಿತ್ತು. ಕೆಳಗೆ ಅಜ್ಜ ಲಾಟೀನು ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದ. ನಮ್ಮ ಮನೆಗೆ ಕರೆಂಟು ಬಂದದ್ದು ಎಂಬತ್ತರ ದಶಕ ಮುಗಿಯುವಾಗ. ಬೆಳಕಿಗೆಂದು ಅಜ್ಜ ಕೊಟ್ಟದ್ದು ಮೂರು ಎಕರೆ ತೋಟ, ಮೊಮ್ಮಗ ಕೊಟ್ಟದ್ದು ಹನ್ನೆರಡು ಕೆಜಿ ಅಡಕೆ. ದುಬಾರಿ ಎನ್ನಲು ನನಗೆ ಬಾಯಿಲ್ಲ.

ಆ ಲಾಟೀನಿನ ಗಾಜಿಗೆ ಬೂದಿ ಹಾಕಿ ಒರೆಸುವುದು ಸಂಜೆಯ ಹೊತ್ತಿಗೆ ನನ್ನ ಪಾಲಿನ ಕೆಲಸ. ಬತ್ತಿ ಓರೆಯಾಗಿದ್ದರೆ ಗಾಜಿನ ಒಂದು ಮಗ್ಗುಲು ಮಸಿ. ಉರಿ ಸ್ವಲ್ಪ ಹೊಯ್ದಾಡಿದರೂ ಅಜ್ಜಿ ಅಡುಗೆಮನೆಯಿಂದಲೇ ಬೈಯುತ್ತಿದ್ದಳು, ‘ಕಣ್ಣು ಹೋಗ್ತದೆ, ಬತ್ತಿ ಸರಿ ಮಾಡೋ!’ ಅವಳ ಇಡೀ ಆಯುಷ್ಯ ದೀಪ ಅಲುಗಾಡದಂತೆ ನೋಡಿಕೊಳ್ಳುವುದರಲ್ಲಿ ಕಳೆಯಿತು. ನನ್ನ ಹೊಸ ಬಲ್ಬಿನಲ್ಲಿ ‘ಕ್ಯಾಂಡಲ್’ ಎಂಬ ಗುಂಡಿಯಿದೆ. ಒತ್ತಿದರೆ ಬೆಳಕು ಹಳದಿಯಾಗಿ ಹೊಯ್ದಾಡುತ್ತದೆ. ಅಜ್ಜಿ ಬೈದು ನಿಲ್ಲಿಸಿದ್ದನ್ನು ನಾನು ದುಡ್ಡು ಕೊಟ್ಟು ತಂದಿದ್ದೇನೆ.

ಮಳೆಗಾಲ ಬಂತು. ಆರಿದ್ರೆಯ ಒಂದು ರಾತ್ರಿ ಎಲ್ಲೋ ಲೈನಿನ ಮೇಲೆ ಮರ ಬಿತ್ತು; ಹೊಸದೇನಲ್ಲ. ನಡುರಾತ್ರಿ ಎರಡೂವರೆಗೆ ಕರೆಂಟು ಬಂತು. ಮಾಮೂಲಿ ಬಲ್ಬಾದರೆ ಸ್ವಿಚ್ಚು ಆರಿಸಿ ಮಲಗಿದರೆ ಮುಗಿಯಿತು. ಇದು ಜಾಣ ಬಲ್ಬು. ಇದರ ಸ್ವಿಚ್ಚು ಸದಾ ಹಾಕಿಯೇ ಇರಬೇಕು, ಆರಿಸುವುದೇನಿದ್ದರೂ ಫೋನಿನಲ್ಲಿ. ಕರೆಂಟು ಹೋಗಿ ಬಂದರೆ ತಾನು ಮಲಗಿದ್ದೆನೆಂಬುದೇ ಅದಕ್ಕೆ ಮರೆತುಹೋಗುತ್ತದೆ. ಜಗಲಿ, ನಡುಮನೆ, ಅಂಗಳ ಎಲ್ಲ ಏಕಕಾಲಕ್ಕೆ ಹಾಲುಬಿಳಿ! ಕೊಟ್ಟಿಗೆಯಲ್ಲಿ ಗೌರಿ ಅಂಬಾ ಎಂದಳು. ಅಮ್ಮ ಬೆಳಗಾಯಿತೆಂದು ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಿದಳು. ಮಳೆಯ ಮೊದಲ ಹಾತೆಗಳೆಲ್ಲ ಊರೂರಿಗೆ ಕರೆ ಹೋದಂತೆ ನಮ್ಮ ಜಗಲಿಗೆ ಬಂದಿಳಿದವು, ಅವುಗಳ ಹಿಂದೆ ಕಪ್ಪೆ. ಇದನ್ನು ಸರಿಪಡಿಸುವ ಗುಂಡಿಯೂ ಆ್ಯಪಿನ ಹೊಟ್ಟೆಯೊಳಗೆ ಎಲ್ಲೋ ಇತ್ತಂತೆ. ಅದು ಸಿಕ್ಕಿದ್ದು ಶ್ರಾವಣದಲ್ಲಿ.

ಇನ್ನೊಂದು ಗುಣವಿದೆ. ಈ ಬಲ್ಬು ಆರಿದಾಗಲೂ ‘ಕರೆದಿರಾ?’ ಎಂದು ಕಿವಿ ತೆರೆದುಕೊಂಡೇ ಇರುತ್ತದೆ. ಅದಕ್ಕೆ ಅರ್ಧ ವಾಟಿನಷ್ಟು ಬೇಕು. ದೇವರ ಕೋಣೆಯಲ್ಲಿ 9 ವಾಟಿನದನ್ನು ದಿನಕ್ಕೊಂದು ತಾಸು ಉರಿಸುತ್ತೇವೆ. ತಿಂಗಳಿಗೆ 0.27 ಯೂನಿಟ್. ಉಳಿದ 23 ತಾಸಿನ ನಿದ್ದೆಗೆ 0.34 ಯೂನಿಟ್‌ಗೂ ಸ್ವಲ್ಪ ಹೆಚ್ಚು. ದುಡಿಯುವಾಗಿನದಕ್ಕಿಂತ ಮಲಗಿದಾಗಿನ ಊಟವೇ ಜಾಸ್ತಿ! ಗೃಹಜ್ಯೋತಿಯ ಪುಣ್ಯದಿಂದ ಬಿಲ್ಲಿನ ಪೆಟ್ಟು ಬೀಳಲಿಲ್ಲ. ಆದರೂ ಲೆಕ್ಕ ಕೇಳಿದ ಅಮ್ಮ ನನ್ನನ್ನೊಮ್ಮೆ, ಬಲ್ಬನ್ನೊಮ್ಮೆ ನೋಡಿ ಸುಮ್ಮನಾದಳು.

ದೀಪಾವಳಿ ಬಂತು. ನಮ್ಮಲ್ಲಿ ಹಬ್ಬದ ರಾತ್ರಿ ಅಂಟಿಗೆ-ಪಂಟಿಗೆಯವರು ಬರುತ್ತಾರೆ. ಹಣತೆ ಹೊತ್ತು, ಅದು ಆರದಂತೆ ಕಾಯುತ್ತ, ಮನೆಯಿಂದ ಮನೆಗೆ, ಊರಿಂದ ಊರಿಗೆ ರಾತ್ರಿಯಿಡೀ ಹಾಡಿಕೊಂಡು ನಡೆಯುವವರು. ಬಾಗಿಲಲ್ಲಿ ನಿಂತು ಹಾಡಿದರೆ ಮನೆಯವರೆದ್ದು ಬಾಗಿಲು ತೆಗೆಯಬೇಕು, ಅವರ ದೀಪಕ್ಕೆ ಎಣ್ಣೆ ಎರೆಯಬೇಕು, ಆ ದೀಪದಿಂದ ನಮ್ಮ ದೀಪ ಹಚ್ಚಿಕೊಳ್ಳಬೇಕು. ನಾನು ಹುಡುಗನಾಗಿದ್ದಾಗ ಹದಿನೈದು ಜನ ಬರುತ್ತಿದ್ದರು. ಈ ಸಲ ಐವರು. ಹಿರಿಯನಿಗೆ ಎಪ್ಪತ್ತು ದಾಟಿದೆ. ಕಿರಿಯ ಬೆಂಗಳೂರಿಂದ ರಜೆ ಹಾಕಿ ಬಂದವನು.

ಹಾಡು ಕೇಳಿದ್ದೇ ಓಡಿ ಬಾಗಿಲು ತೆಗೆದೆ. ಅಂಗಳವೆಲ್ಲ ನನ್ನ ನೇರಳೆ, ಗುಲಾಬಿ. ಐವರೂ ನೇರಳೆ ಮುಖದಲ್ಲಿ ಹಾಡುತ್ತಿದ್ದಾರೆ. ದೀಪವೆಲ್ಲಿ? ಹುಡುಕಬೇಕಾಯಿತು. ಹಿರಿಯನ ಅಂಗೈ ಮರೆಯಲ್ಲಿತ್ತು, ಉರಿಯುತ್ತಿದೆಯೋ ಇಲ್ಲವೋ ತಿಳಿಯದಷ್ಟು ಬಡವಾಗಿ.

“ಅದನ್ನೆಲ್ಲ ಮೊದಲು ತೆಗಿ ಮಾರಾಯ” ಅಂದಳು ಅಮ್ಮ.

ಫೋನು ತೆಗೆದೆ. ನೆಟ್‌ವರ್ಕಿನ ಚಕ್ರ ತಿರುಗುತ್ತಲೇ ಇತ್ತು. ಹಾಡು ಎರಡನೇ ಸುತ್ತಿಗೆ ಬಂತು. ಕಡೆಗೆ ಒಳಗೆ ಓಡಿ ಮೇನ್ ಸ್ವಿಚ್ಚನ್ನೇ ಎಳೆದೆ. ಗವ್ವೆನ್ನುವ ಕತ್ತಲು. ತಡವರಿಸುತ್ತ ಹೊರಗೆ ಬಂದರೆ ಅದೇ ಪುಟ್ಟ ದೀಪ ಜಗಲಿ ತುಂಬ ಕೂತಿತ್ತು. ಕಂಬದ ನೆರಳು ಗೋಡೆಯ ಮೇಲೆ ಹೊಯ್ದಾಡುತ್ತಿತ್ತು. ಅಜ್ಜಿ ಇದ್ದಿದ್ದರೆ ಬೈಯುತ್ತಿದ್ದಳು. ಅಮ್ಮ ಎಣ್ಣೆ ಎರೆದು, ಬತ್ತಿ ತಾಗಿಸಿ, ಸೆರಗು ಮರೆ ಮಾಡಿಕೊಂಡು ಒಳಗೆ ಹೋದಳು. ಅವರು ಅಕ್ಕಿ, ದುಡ್ಡು ಇಸಕೊಂಡು ಗದ್ದೆಬದುವಿಗೆ ಇಳಿದರು. ಆ ಚುಕ್ಕಿ ತೋಟದ ತಿರುವಿನಲ್ಲಿ ಮರೆಯಾಗುವವರೆಗೆ ಮೇನ್ ಸ್ವಿಚ್ಚಿನ ನೆನಪೇ ಆಗಲಿಲ್ಲ.

ಬೆಳಿಗ್ಗೆ ತೀರ್ಥಹಳ್ಳಿಗೆ ಫೋನು ಮಾಡಿ ನಡೆದದ್ದು ಹೇಳಿದೆ. ಭಾವ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

“ನಮ್ಮಲ್ಲಿ ಈ ವರ್ಷ ಬರಲೇ ಇಲ್ಲ ಭಾವ. ತಂಡ ಕಟ್ಟೋಕೆ ಜನ ಇಲ್ಲ ಅಂತಿದ್ರು. ಆದ್ರೂ ಬಂದ್ರೆ ದಾರಿ ಕಾಣ್ಲಿ ಅಂತ ಎರಡು ಗಂಟೆವರೆಗೂ ಲೈಟು ಹಾಕಿಟ್ಟು ಕೂತಿದ್ದೆ.”

“ಯಾವ ಬಣ್ಣ?”

“ಅದೇ, ಹಳದಿ. ಅಲ್ಲಾಡ್ತದಲ್ಲ, ಅದು.”