ಹಿಟ್ನಾಳ ಕ್ರಾಸಿನ ದಲಾಲಿ

ಸೊಲ್ಲಾಪುರದಿಂದ ವಿಜಯಪುರ, ಇಳಕಲ್ಲು, ಕುಷ್ಟಗಿ ಹಾದು ಬರುವ ರಸ್ತೆ ಒಂದು. ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ ಹಾದು ಬರುವುದು ಇನ್ನೊಂದು. ಎರಡೂ ಹಿಟ್ನಾಳದಲ್ಲಿ ಕೂಡಿ ಹೊಸಪೇಟೆವರೆಗೆ ಒಂದೇ ಆಗಿ ಹೋಗುತ್ತವೆ. 2010ರಲ್ಲಿ ಹೆದ್ದಾರಿಗಳ ನಂಬರು ಬದಲಾಗಿ ನಮ್ಮ ಭಾಗದಲ್ಲಿ 13 ಇದ್ದದ್ದು 50, 63 ಇದ್ದದ್ದು 67 ಆಯಿತು. ಹಳೇ ಡ್ರೈವರುಗಳ ಬಾಯಲ್ಲಿ ಮಾತ್ರ ಅದು ಇನ್ನೂ ಹದಿಮೂರೇ. ತೊಂಬತ್ತರ ದಶಕದಲ್ಲಿ, ನಮ್ಮ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದಾಗ, ಈ ಕೂಡುರಸ್ತೆಯ ಬದಿಗೆ ತಗಡಿನ ಶೆಡ್ಡೊಂದರಲ್ಲಿ ನಾನು ಬಿಲ್ಟಿ, ಅಂದರೆ ಲಾರಿ ಸರಕಿನ ರಸೀದಿ, ಬರೆಯುತ್ತಿದ್ದೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತವನಿಗೆ ಅದೇ ನೌಕರಿ. ಶೆಡ್ಡಿನ ಯಜಮಾನ ಲಾರಿ ದಲಾಲಿ. ಊರಿಗೆಲ್ಲ ಅವನು ಕಾಕಾ, ನನಗೂ ಕಾಕಾ.

ಕಾಕಾನ ಹತ್ತಿರ ಒಂದೂ ಲಾರಿ ಇರಲಿಲ್ಲ. ಗೋದಾಮೂ ಇರಲಿಲ್ಲ. ಯಾವ ಗಾಡಿ ಎಲ್ಲಿ ಖಾಲಿಯಾಯಿತು, ಯಾವ ಊರಿನದು, ಯಾವ ಕಡೆ ವಾಪಸ್ ಹೋಗಬೇಕು ಅನ್ನುವ ಸುದ್ದಿ ಇತ್ತು, ಅಷ್ಟೇ. ಪುಣೆಯ ಗಾಡಿ ಹೊಸಪೇಟೆಗೆ ಬಂದು ಮಾಲು ಇಳಿಸಿದರೆ, ಖಾಲಿ ಹೋದಷ್ಟೂ ಮಾಲಕನಿಗೆ ಡೀಸೆಲ್ಲು ದಂಡ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯ ಬೀಡುಕಬ್ಬಿಣ, ಗಂಗಾವತಿ-ಕಾರಟಗಿಯ ಅಕ್ಕಿ, ಏನಾದರೊಂದು ಲೋಡು ಹಚ್ಚಿಕೊಟ್ಟರೆ ಅವನು ಬದುಕಿದ. ಬಾಡಿಗೆಯ ದೊಡ್ಡ ಪಾಲು ಅಡ್ವಾನ್ಸ್ ಆಗಿ ಡ್ರೈವರನ ಕೈಗೆ ಬೀಳುತ್ತಿತ್ತು. ಮಾಲು ಮುಟ್ಟಿದ ಸಹಿ ಬಂದಮೇಲೆ ಬಾಕಿ. ನಡುವೆ ಕಾಕಾನ ಕಮಿಷನ್: ಗಾಡಿಯವನಿಂದ ಒಂದಿಷ್ಟು, ಪಾರ್ಟಿಯಿಂದ ಒಂದಿಷ್ಟು. ಎರಡೂ ಕಡೆ ತಿನ್ನುತ್ತಾನೆ ಅಂತ ಇಬ್ಬರಿಗೂ ಗೊತ್ತಿತ್ತು. ಎಷ್ಟು ತಿನ್ನುತ್ತಾನೆ ಅನ್ನುವುದೂ ಹೆಚ್ಚುಕಡಿಮೆ ಗೊತ್ತಿತ್ತು. ಬೆಳಿಗ್ಗೆ ಒಗ್ಗರಣಿ ಮಿರ್ಚಿ ಹೊಟ್ಟೆಗಿಳಿಯುವ ಹೊತ್ತಿಗೆ ಆವತ್ತಿನ ದರ ಎಲ್ಲ ಶೆಡ್ಡುಗಳಲ್ಲೂ ಒಂದೇ ಆಗಿರುತ್ತಿತ್ತು.

ಕಾರಿನ ಕೆಲಸ ಬರುತ್ತಿದ್ದದ್ದು ಅಪರೂಪಕ್ಕೆ. ಗಿಣಿಗೇರಿ ಕಡೆಯ ಕಾರ್ಖಾನೆಯ ಸಾಹೇಬರಿಗೋ ಬ್ಯಾಂಕಿನ ಮ್ಯಾನೇಜರರಿಗೋ ವರ್ಗ ಆದಾಗ. ಡ್ರೈವರನನ್ನು ಹಿಡಿದು ರಸ್ತೆ ಮೇಲೆ ಓಡಿಸಿಕೊಂಡು ಹೋಗುವವರೇ ಹೆಚ್ಚು. ಆದರೆ ಮಾರುತಿ 800 ಕೊಂಡವರಿಗೆ ಅದು ಮನೆಮಗಳಿದ್ದಂತೆ. ಹದಿಮೂರರ ಗುಂಡಿಗಳಲ್ಲಿ ಪುಣೆವರೆಗೆ ಓಡಿಸಲು ಜೀವ ಒಪ್ಪುತ್ತಿರಲಿಲ್ಲ. ಅವರು ಕಾಕಾನ ಹತ್ತಿರ ಬರುತ್ತಿದ್ದರು.

ಕಾರು ಸಾಗಿಸುವ ಟ್ರೇಲರು ನಮ್ಮ ಕಡೆ ಯಾರ ಕೈಗೂ ಸಿಗುತ್ತಿರಲಿಲ್ಲ. ಸಾದಾ ಲಾರಿಗೇ ಏರಿಸಬೇಕು. ಕ್ರಾಸಿನ ಆಚೆ ಲಾರಿಯ ತಳಕ್ಕೆ ಸಮ ಎತ್ತರದ ಮಣ್ಣಿನ ದಿಬ್ಬವೊಂದಿತ್ತು. ಲಾರಿ ರಿವರ್ಸ್ ಬಂದು ಬೆನ್ನು ಅದಕ್ಕೆ ಹಚ್ಚಬೇಕು. ಹಿಂಬದಿಯ ಬಾಗಿಲು ಬಿಚ್ಚಿ, ನಡುವಿನ ಸಂದಿಗೆ ಎರಡು ದಪ್ಪ ಹಲಗೆ ಹಾಕಿ, ಕಾರನ್ನು ನಿಧಾನ ಒಳಗೆ ಬಿಡಬೇಕು. ಒಳಗೆ ಹೋದಮೇಲೆ ಕಾರಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಸಣ್ಣ ಮೈಯ ಕ್ಲೀನರನೇ ಕಾರು ನಡೆಸಿ ಕಿಟಕಿಯಿಂದ ಹೊರಬೀಳುತ್ತಿದ್ದ. ಫಸ್ಟ್ ಗೇರು, ಹ್ಯಾಂಡ್ ಬ್ರೇಕು, ಬ್ಯಾಟರಿ ತಂತಿ ಬಿಚ್ಚುವುದು, ಗಾಲಿಗಳ ಹಿಂದೆ ಮುಂದೆ ಕಟ್ಟಿಗೆಯ ತುಂಡು. ಹಗ್ಗ ಬಂಪರಿಗೆ ಕಟ್ಟಿದರೆ ಕಾಕಾ ಬೈಯುತ್ತಿದ್ದ. ಅಡಿಯ ಕಬ್ಬಿಣಕ್ಕೇ ಕಟ್ಟಬೇಕು. ಸುತ್ತ ಸಂದಿಗಳಿಗೆ ಭತ್ತದ ಹೊಟ್ಟಿನ ಚೀಲ. ಗಂಗಾವತಿಯ ಮಿಲ್ಲುಗಳ ಕೃಪೆಯಿಂದ ಹೊಟ್ಟಿಗೇನೂ ಬರಗಾಲವಿರಲಿಲ್ಲ.

ಆಮೇಲೆ ತಾಡಪತ್ರಿ. ಇಲ್ಲೊಂದು ಸಂಗತಿ ಕಾಕಾನಿಗೆ ಬಿಟ್ಟರೆ ಬೇರೆಯವರಿಗೆ ಹೊಳೆದದ್ದನ್ನು ನಾನು ಕಂಡಿಲ್ಲ. ಸಾಹೇಬರೊಬ್ಬರಿಗೆ ಅವನು ಹೇಳಿದ:

"ಮನ್ಯಾಗ ಹಳೇ ಕೌದಿ ಅದಾವೇನ್ರಿ? ಎರಡ ಕಳಸ್ರಿ."

"ಕೌದಿ ಯಾಕ್ರಿ? ಕಾರಿಗೆ ಚಳಿ ಆಗ್ತದೇನು?"

"ತಾಡಪತ್ರಿ ಗಾಳಿಗೆ ಬಡದ ಬಡದ ಬಣ್ಣ ತಿಂತೈತ್ರಿ ಸಾಹೇಬ್ರ. ಪುಣೆ ಮುಟ್ಟೂದ್ರಾಗ ಟಾಪ್ ಬಿಳಿ ಆಗಿರತೈತಿ. ಕೌದಿ ಇದ್ರ ಅದು ಕೌದೀನ ತಿಂತೈತಿ."

ಸಾಹೇಬರ ಮನೆಯವರು ಎರಡು ಕೌದಿ ಕಳಿಸಿದರು. ಹುಲಿಗೆಮ್ಮನ ಹೆಸರಲ್ಲಿ ಒಂದು ಕಾಯಿ ಒಡೆದು, ಗಾಡಿ ಸಂಜೆ ಹೊರಟಿತು. ನಾನು ಬಿಲ್ಟಿಯಲ್ಲಿ ಕಾರಿನ ನಂಬರು, ಚಾಸಿ ನಂಬರು, ಎಡ ಬಾಗಿಲ ಮೇಲೊಂದು ಹಳೇ ಗೀರು, ಸ್ಟೆಪ್ನಿ ಒಂದು, ಜಾಕು ಒಂದು, ಕೌದಿ ಎರಡು ಅಂತ ಬರೆದೆ. ಕಾಕಾ ಕೌದಿ ಯಾಕೆ ಬರೆಸಿದ ಅಂದರೆ, ಡ್ರೈವರು ಅವನ್ನು ಹೊದ್ದುಕೊಂಡು ಮರೆಯಬಾರದು ಅಂತ.

ಇದನ್ನೆಲ್ಲ ಓದುವಾಗ ಕಾಕಾ ಸತ್ಯಹರಿಶ್ಚಂದ್ರ ಅನಿಸಬಹುದು. ಅಲ್ಲ. ಕಾರಿನ ಸುತ್ತ ಉಳಿದ ಜಾಗಕ್ಕೆ ಬೇರೆ ಪಾರ್ಟಿಯ ಚೀಲ ತುರುಕಿ ಎರಡು ಬಾಡಿಗೆ ಹಿಡಿದದ್ದನ್ನು ನಾನೇ ನೋಡಿದ್ದೇನೆ. ಆದರೆ ಮಾಲು ಕೆಟ್ಟರೆ ಪಾರ್ಟಿ ಬಂದು ನಿಲ್ಲುತ್ತಿದ್ದದ್ದು ಅದೇ ಶೆಡ್ಡಿನ ಮುಂದೆ. ಮರುದಿನವೂ ಅವನು ಅಲ್ಲೇ ಕೂತಿರಬೇಕಿತ್ತು. ಡ್ರೈವರು ಕೈಕೊಟ್ಟರೆ ಆ ಗಾಡಿಗೆ ಈ ಕ್ರಾಸಿನಲ್ಲಿ ಮತ್ತೆ ಲೋಡು ಹುಟ್ಟುತ್ತಿರಲಿಲ್ಲ.

2003-04ರ ಸುಮಾರಿಗೆ ಕಬ್ಬಿಣದ ಅದಿರಿನ ಭರಾಟೆ ಶುರುವಾಯಿತು. ಚೀನಾ ಕೊಳ್ಳುತ್ತಿತ್ತು, ಬಳ್ಳಾರಿ-ಸಂಡೂರು-ಹೊಸಪೇಟೆಯ ಮಣ್ಣಿಗೆ ಚಿನ್ನದ ಬೆಲೆ. ಬೇಲೆಕೇರಿ, ಕಾರವಾರ ಬಂದರಿಗೆ ಹೋಗುವ ಲಾರಿಗಳು ಹಿಟ್ನಾಳದ ಮೇಲೆಯೇ ಹೋಗಬೇಕು. ಹಗಲೂ ರಾತ್ರಿ ಒಂದರ ಹಿಂದೆ ಒಂದು, ಬಾಲ ಕಾಣದ ಸಾಲು. ರಸ್ತೆ ಚಿಂದಿಯಾಯಿತು, ಬೇವಿನಮರದ ಎಲೆ ಕೂಡ ಕೆಂಪು. ಹೊಲ ಅಡ ಇಟ್ಟು ಲಾರಿ ತಂದವರಿದ್ದರು, ಮೇಷ್ಟ್ರುಗಳೂ ತಂದರು. ಖಾಲಿ ಗಾಡಿ ಅನ್ನುವುದೇ ಇಲ್ಲವಾದಮೇಲೆ ಖಾಲಿ ಗಾಡಿಯ ಸುದ್ದಿ ಮಾರುವವನಿಗೆ ಏನು ಕೆಲಸ? ಅಕ್ಕಿಗೆ ಗಾಡಿ ಕೇಳಿದರೆ ಡ್ರೈವರು ನಗುತ್ತಿದ್ದ. ಕಾರು ಏರಿಸುವ ದಿಬ್ಬದ ಮಣ್ಣನ್ನು ಯಾರೋ ಧಾಬಾದ ಅಂಗಳಕ್ಕೆ ಎಳೆದು ಹಾಕಿದರು.

2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷ ಅದೇ ಜುಲೈಯ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ರಸ್ತೆ ಒಮ್ಮೆಲೇ ಬರಿದು. ಫೈನಾನ್ಸ್‌ನವರು ಲಾರಿ ಎಳೆದುಕೊಂಡು ಹೋಗುವುದನ್ನು ಕ್ರಾಸಿನಲ್ಲಿ ಕೂತವರು ದಿನಾ ನೋಡಿದರು. ಖಾಲಿ ಗಾಡಿ ಈಗ ಬೇಕಾದಷ್ಟು. ಆದರೆ ಅಷ್ಟರೊಳಗೆ ಪ್ರತಿ ಡ್ರೈವರನ ಜೇಬಿಗೂ ಮೊಬೈಲು ಬಂದಿತ್ತು. ಗಂಗಾವತಿಯ ಮಿಲ್ಲಿನವನು ಸೀದಾ ಡ್ರೈವರನಿಗೇ ಫೋನು ಹಚ್ಚುತ್ತಿದ್ದ. ಆಮೇಲೆ ನಾಲ್ಕು ಪಥದ ರಸ್ತೆ, ಟೋಲು. ಗಾಡಿಗಳು ಶೆಡ್ಡಿನ ಮುಂದೆ ನಿಲ್ಲುವುದನ್ನೇ ಬಿಟ್ಟವು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ಲು ಬಂತು. ನಾನು ಕಾರ್ಬನ್ ಇಟ್ಟು ಬರೆಯುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಫೋನಿನೊಳಗೆ ಹೋಯಿತು. ಕಾಕಾ ಅದನ್ನು ನೋಡಲು ಇರಲಿಲ್ಲ.

ನಾಲ್ಕೈದು ವರ್ಷದ ಹಿಂದೆ ಅಕ್ಕನ ಮಗನಿಗೆ ಗುರುಗ್ರಾಮಕ್ಕೆ ವರ್ಗ ಆಯಿತು. ಕೆಎ-37 ನಂಬರಿನ ಕಾರು ಕೊಪ್ಪಳದಲ್ಲೇ ಇತ್ತು. ಇಂಟರ್ನೆಟ್ಟಿನಲ್ಲಿ ಎಲ್ಲೋ ತನ್ನ ನಂಬರು ಕೊಟ್ಟದ್ದೇ ತಡ, ಫೋನುಗಳ ಸುರಿಮಳೆ. ಎಲ್ಲರಿಗಿಂತ ಕಡಿಮೆ ಹೇಳಿದವನನ್ನು ಹಿಡಿದ. ಅಡ್ವಾನ್ಸ್ ಹೋದಮೇಲೆ ಮಾತು ಬದಲು: ಟ್ರೇಲರು ಕೊಪ್ಪಳಕ್ಕೆ ಬರುವುದಿಲ್ಲ, ಹುಬ್ಬಳ್ಳಿ ತನಕ ಡ್ರೈವರು ಓಡಿಸಿಕೊಂಡು ಹೋಗಬೇಕು, ಅದಕ್ಕೆ ಬೇರೆ, ಇನ್ಶೂರೆನ್ಸ್ ಬೇರೆ, ಬೇಗ ಬೇಕಾದರೆ ಇನ್ನೂ ಬೇರೆ. ವಾಟ್ಸಾಪಿನಲ್ಲಿ ಬಂದ ಬಿಲ್ಟಿಯ ಮೇಲೆ ಮೂರನೆಯದೇ ಒಂದು ಕಂಪನಿಯ ಹೆಸರು. ಗೀರಿನ ಮಾತಿಲ್ಲ, ಸ್ಟೆಪ್ನಿಯ ಮಾತಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ, ಮಾಲಿನ ಹೊಣೆ ಮಾಲಕನದೇ ಅಂತ.

ಹಳೇ ಚಟ, ಕಾಯ್ದೆ ತೆಗೆದು ಓದಿದೆ. ರಸ್ತೆ ಮೂಲಕ ಸರಕು ಸಾಗಣೆಗೆ 2007ರ ಕಾಯ್ದೆ ಇದೆ, 2011ರ ಮಾರ್ಚಿನಿಂದ ಜಾರಿ. ಅದಕ್ಕೂ ಮುಂಚೆ ಇದ್ದದ್ದು 1865ರದು. ಸಾಗಿಸುವವನು ನೋಂದಣಿ ಮಾಡಿಸಿರಬೇಕು, ರಸೀದಿ ಕೊಡಬೇಕು. ನಷ್ಟವಾದರೆ ಬುಕ್ ಮಾಡಿದ 180 ದಿನದೊಳಗೆ ನೋಟಿಸು ಕೊಡದಿದ್ದರೆ ದಾವೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯದ್ದು: ಹೆಚ್ಚಿನ ಹೊಣೆಗೆ ಬೇರೆ ದರ ಕೊಟ್ಟಿರದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಬಾಡಿಗೆ 15 ಸಾವಿರವಾದರೆ ಕಾರಿನ ಬೆಲೆ 8 ಲಕ್ಷವಿದ್ದರೂ ಕೈಗೆ ಬರುವುದು ಒಂದೂವರೆ ಲಕ್ಷ. ಅಗ್ಗದ ದರ ಹಿಡಿದವನಿಗೆ ಪರಿಹಾರವೂ ಅಗ್ಗ. ಇದನ್ನು ಫೋನಿನಲ್ಲಿ ಯಾವ ಏಜೆಂಟನೂ ಹೇಳುವುದಿಲ್ಲ.

ಕಾರು ಎಲ್ಲಿದೆ ಅಂತ ಕೇಳಿದರೆ "ದಿಲ್ಲಿ ಹತ್ತಿರ" ಅನ್ನುವ ಉತ್ತರ. ಅದೇ ಹೊತ್ತಿಗೆ ಅಳಿಯನ ಫೋನಿಗೆ ಮಹಾರಾಷ್ಟ್ರದ ಒಂದು ಟೋಲಿನಲ್ಲಿ ದುಡ್ಡು ಕಡಿತವಾದ ಮೆಸೇಜು ಬಂತು. ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗ್ ತೆಗೆದಿರಲಿಲ್ಲ. ಟ್ರೇಲರಿನ ಮೇಲೆ ಕೂತೇ ಅದೂ ತನ್ನ ಟೋಲು ಕಟ್ಟುತ್ತಿತ್ತು. ದಂಡವಾಯಿತು ನಿಜ, ಆದರೆ ಇಡೀ ವ್ಯವಹಾರದಲ್ಲಿ ಖರೇ ಮಾತಾಡಿದ್ದು ಆ ಚೀಟಿ ಒಂದೇ. ಕಾರು ಕೊನೆಗೆ ಮುಟ್ಟಿತು. ಟಾಪಿನ ಮೇಲೆ ಹೊಸ ಗೀರು, ಮೀಟರಿನಲ್ಲಿ ಹುಬ್ಬಳ್ಳಿಯ ದೂರಕ್ಕಿಂತ ಬಹಳ ಹೆಚ್ಚು ಕಿಲೋಮೀಟರು. ಕೊಪ್ಪಳ ಆರ್‌ಟಿಓದಿಂದ 28ನೇ ನಮೂನೆಯ ಎನ್‌ಓಸಿ ತೆಗೆಸಿ, ಹನ್ನೆರಡು ತಿಂಗಳೊಳಗೆ ಹರಿಯಾಣದಲ್ಲಿ ಮರುನೋಂದಣಿ ಮಾಡಿಸುವ ಓಡಾಟ ಬೇರೆ. ಟ್ರೇಲರಿನ ಡ್ರೈವರನಿಗೆ ಅಳಿಯ ಕೇಳಿದನಂತೆ, ನಿನಗೆಷ್ಟು ಬಂತು ಅಂತ. ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಎಷ್ಟು ಜನರ ಕೈ ದಾಟಿತು ಅನ್ನುವುದು ಅವನಿಗೂ ಗೊತ್ತಿರಲಿಲ್ಲ.

ಕಾಕಾನ ಮಗ ಈಗ ವೇಬ್ರಿಜ್ ನಡೆಸುತ್ತಾನೆ. ಅಪ್ಪನ ಹೆಸರು ಕೇಳಿಕೊಂಡು ಕಾರು ಕಳಿಸಲು ಇಂದಿಗೂ ಯಾರಾದರೂ ಬರುತ್ತಾರೆ. ಅವನು ಪರಿಚಯದ ಟ್ರೇಲರ್ ಡ್ರೈವರನ ನಂಬರು ಕೊಡುತ್ತಾನೆ, ಕಮಿಷನ್ ಮುಟ್ಟುವುದಿಲ್ಲ. ಮೊನ್ನೆ ನಾನು ಅಲ್ಲೇ ಕೂತಿದ್ದಾಗ ಯಲಬುರ್ಗಿಯ ಮೇಷ್ಟ್ರೊಬ್ಬರು ಬಂದಿದ್ದರು. ನಂಬರು ಬರೆದುಕೊಂಡವರು ಏಳಲಿಲ್ಲ.

"ನಿಮ್ಮದು ಒಂದಿಷ್ಟು ಇಟಗೋರಿ, ನಡುವ ನೀವು ಇರ್ರಿ."

"ಬ್ಯಾಡ್ರಿ ಸರ್. ರೊಕ್ಕ ತಗೊಂಡ್ರ ನಾಳೆ ನೀವು ಇಲ್ಲೇ ಬಂದು ನಿಲ್ತೀರಿ."

"ಅದಕ್ಕ ಕೊಡಾಕತ್ತೀನಿ" ಅಂದರು ಮೇಷ್ಟ್ರು.