ಎರಡನೆಯ ಗಾಡಿ

ಮನೆಯಲ್ಲಿ ಒಂದು ಕಾರು ಇರುವಾಗಲೇ ಮತ್ತೊಂದನ್ನು ಕೊಳ್ಳಹೊರಟವನನ್ನು ಲೋಕವು ಆಡಂಬರದವನೆಂದು ಬಗೆಯುವುದು ಸಹಜ. ಒಂದು ಸಾಲದೆ ಎಂದು ಕೇಳಿದವರಿಗೆ ನನ್ನ ಉತ್ತರ ಚಿಕ್ಕದು. ಮನೆಯ ಕಾರಿನಲ್ಲಿ ನನ್ನ ಪತ್ನಿಯು ಬೆಳಗ್ಗೆ ಏಳೂವರೆಗೆ ದೂರದ ಪ್ರೌಢಶಾಲೆಗೆ ಪಾಠ ಹೇಳಲು ಹೊರಡುತ್ತಾಳೆ. ನನ್ನ ತಾಯಿಯವರನ್ನು ವಾರಕ್ಕೆ ಮೂರು ದಿನ ಎಂಟು ಗಂಟೆಗೆ ಡಯಾಲಿಸಿಸ್ ಚಿಕಿತ್ಸೆಗಾಗಿ ಹಾಸನದ ಆಸ್ಪತ್ರೆಗೆ ಕರೆದೊಯ್ಯಬೇಕು. ಶಾಲೆಯ ಗಂಟೆಯೂ ಕಾಯದು, ಯಂತ್ರದ ಸರದಿಯೂ ಕಾಯದು.

ಹೊಸದಕ್ಕೆ ತೆರುವಷ್ಟು ಹಣ ನಮ್ಮಲ್ಲಿರಲಿಲ್ಲವಾದ್ದರಿಂದ ಹಳೆಯದನ್ನೇ ಅರಸಬೇಕಾಯಿತು. “ಎರಡನೆಯದು ತಾನೆ, ಹೇಗಿದ್ದರೇನು?” ಎಂದರು ಮಿತ್ರರು. ನನಗೆ ಈ ಮಾತು ತಲೆಕೆಳಗಾಗಿ ಕಂಡಿತು. ಮೊದಲನೆಯ ಕಾರು ಒಂದು ದಿನ ಮುನಿದರೆ ಶಾಲೆಗೆ ಬಸ್ಸಿದೆ. ಬಸ್ಸು ಹತ್ತಲಾರದ ವೃದ್ಧೆಯನ್ನು ಒಯ್ಯತಕ್ಕ ಗಾಡಿಯು ಮುನಿಯಕೂಡದು. ಎರಡನೆಯ ಗಾಡಿಯೆಂದರೆ ಎರಡನೆಯ ದರ್ಜೆಯ ಗಾಡಿಯೆಂದು ಅರ್ಥವಲ್ಲ. ಅಂದ ಕುಂದಿರಬಹುದು, ವೇಗ ತಗ್ಗಿರಬಹುದು. ನಂಬಿಕೆಯೊಂದು ಮಾತ್ರ ಕುಂದಬಾರದು.

ನಮ್ಮ ಹಿರಿಯರು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಕಾರಿಗೆ ಹಲ್ಲಿಲ್ಲ. ಹಳೆಯ ಕಾರಿನ ವ್ಯಾಪಾರವು ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಿದಂತೆ. ಇದರ ಮರ್ಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. 2001ರಲ್ಲಿ ಮತ್ತಿಬ್ಬರೊಡನೆ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಗಾಡಿಯ ದೋಷವನ್ನು ಮಾರುವವನು ಬಲ್ಲ, ಕೊಳ್ಳುವವನು ಅರಿಯ. ಆದುದರಿಂದ ಕೊಳ್ಳುವವನು ಒಳ್ಳೆಯ ಗಾಡಿಗೂ ಸಾಧಾರಣ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಪ್ಪದೆ ಒಳ್ಳೆಯ ಗಾಡಿಯುಳ್ಳವನು ಸಂತೆಯಿಂದ ಹಿಂದೆ ಸರಿಯುತ್ತಾನೆ. ಸಂತೆಯಲ್ಲಿ ಉಳಿಯುವುದು ಹೆಚ್ಚಾಗಿ ಕೆಟ್ಟುದೇ. ಎರಡು ತಿಂಗಳ ಅಲೆದಾಟದಲ್ಲಿ ಈ ತತ್ತ್ವದ ಭಾಷ್ಯವನ್ನೆಲ್ಲ ನಾನು ಕಣ್ಣಾರೆ ಕಂಡೆನು.

ಆದರೂ ಕಾರಿಗೂ ತನ್ನದೇ ಆದ ಸುಳಿಗಳುಂಟು. ನನ್ನೊಡನೆ ಬಂದ ಮೇಸ್ತ್ರಿಯು ಅವನ್ನು ಒಂದೊಂದಾಗಿ ತೋರಿಸಿಕೊಟ್ಟನು. ಎಂಜಿನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಕಾದ ಎಂಜಿನ್ನು ಅನೇಕ ರೋಗಗಳನ್ನು ಮುಚ್ಚಿಡುತ್ತದೆ. ಹೊಗೆ ನೀಲಿಯಾಗಿದ್ದರೆ ಎಂಜಿನ್ನಿನ ಎಣ್ಣೆ ಉರಿಯುತ್ತಿದೆಯೆಂದು ತಿಳಿಯತಕ್ಕದ್ದು. ಎಣ್ಣೆಯ ಮುಚ್ಚಳದ ಒಳಗೆ ಕೆನೆಯಂತಹುದು ಕಂಡರೆ ಎಣ್ಣೆಗೆ ನೀರು ಸೇರಿರಬಹುದು. ಓಡಿದ ದೂರದ ಅಂಕಿಯನ್ನು ತಿದ್ದಬಹುದು, ಪೆಡಲಿನ ರಬ್ಬರಿನ ಸವಕಲನ್ನು ತಿದ್ದುವವರು ಕಡಮೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳು ಅದರ ಜಾತಕ: 2318 ಎಂದಿದ್ದರೆ 2018ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದುದು. ನೆಲಹಾಸಿನ ಕೆಳಗೆ ಒಣಗಿದ ಕೆಸರಿದ್ದರೆ ಆ ಗಾಡಿ ಎಂದೋ ಪ್ರವಾಹದಲ್ಲಿ ಮುಳುಗಿ ಎದ್ದಿರಬಹುದು.

ಕಾಗದಪತ್ರಗಳ ಪರೀಕ್ಷೆಯೂ ಇದರಷ್ಟೇ ಮುಖ್ಯ. ಚಾಸಿಯ ಸಂಖ್ಯೆಯು ನೋಂದಣಿ ಪತ್ರದ ಸಂಖ್ಯೆಗೆ ತಾಳೆಯಾಗಬೇಕು. ಸಾಲವಿದ್ದರೆ ತೀರಿದುದಕ್ಕೆ ಬ್ಯಾಂಕಿನ ಪತ್ರ ಬೇಕು. 29 ಮತ್ತು 30ನೆಯ ನಮೂನೆಗಳನ್ನು ಸಲ್ಲಿಸಿ ಹೆಸರು ಬದಲಾಯಿಸುವುದು ಇಬ್ಬರಿಗೂ ಹಿತ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತದ ಪರಿಹಾರಕ್ಕೆ ಹೊಣೆಯಾದ ಮಾಲಿಕನೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ.

ಕಡೆಗೆ ನಮಗೆ ದೊರೆತುದು ನಿವೃತ್ತ ಅಂಚೆ ಮಾಸ್ತರರೊಬ್ಬರ ವ್ಯಾಗನ್ ಆರ್. 2015ರಲ್ಲಿ ನೋಂದಣಿಯಾದ ಪೆಟ್ರೋಲಿನ ಗಾಡಿ. ಕಣ್ಣು ಮಂಜಾದ ಕಾರಣ ಅವರು ಓಡಿಸುವುದನ್ನು ಬಿಟ್ಟಿದ್ದರು. ನಾವು ಕೇಳುವ ಮುನ್ನವೇ ಅವರು, “ಎಡಗಡೆ ಹಿಂದಿನ ಬಾಗಿಲಿಗೆ ಒಮ್ಮೆ ಪೆಟ್ಟಾಗಿತ್ತು, ಬಣ್ಣ ಹೊಡೆಸಿದ್ದೇನೆ, ಬಿಸಿಲಿನಲ್ಲಿ ನೋಡಿ, ತಿಳಿಯುತ್ತದೆ. ಟೈರುಗಳೂ ಹಳೆಯವು ಸ್ವಾಮಿ,” ಎಂದರು. ಮೇಸ್ತ್ರಿಯು ನನ್ನ ಮುಖ ನೋಡಿದನು. ತನಗೆ ನಷ್ಟ ತರುವ ಮಾತನ್ನು ತಾನಾಗಿ ಆಡುವವನ ಉಳಿದ ಮಾತುಗಳನ್ನೂ ನಂಬಬಹುದಲ್ಲವೆ? ಅಕರ್ಲಾಫರ ಒಗಟಿಗೆ ಇದೂ ಒಂದು ಪರಿಹಾರವೆಂದು ನನಗೆ ತೋರಿತು. ಟೈರುಗಳಿಗಾಗಿ ಅವರು ಹತ್ತು ಸಾವಿರ ರೂಪಾಯಿ ಇಳಿಸಿದರು. ನಾನು ಚೌಕಾಸಿ ಮಾಡಲಿಲ್ಲ. ತಾಯಿಯವರು ಒಳಗೆ ಕುಳಿತು ನೋಡಿ, “ಹತ್ತುವುದಕ್ಕೆ ಬಗ್ಗಬೇಕಾಗಿಲ್ಲ ಕಣಪ್ಪ,” ಎಂದರು. ಎತ್ತರದ ಆಸನದ ಆ ಗುಣವನ್ನು ಯಾವ ಜಾಹೀರಾತೂ ನನಗೆ ಇಷ್ಟು ಚೆನ್ನಾಗಿ ತಿಳಿಸಿರಲಿಲ್ಲ.

ಕೀಲಿಕೈಯೊಡನೆ ಮಾಸ್ತರರು ಒಂದು ಲೆಕ್ಕದ ಪುಸ್ತಕವನ್ನೂ ಕೊಟ್ಟರು. ಎಣ್ಣೆ ಬದಲಾಯಿಸಿದ ದಿನ, ಬ್ಯಾಟರಿ ಹಾಕಿಸಿದ ದಿನ, ತೆತ್ತ ಹಣ, ಎಲ್ಲವೂ ದುಂಡಗಿನ ಅಕ್ಷರಗಳಲ್ಲಿ ಬರೆದಿವೆ. ಈಗ ಉಳಿದ ಹಾಳೆಗಳಲ್ಲಿ ನಾನು ಬರೆಯುತ್ತಿದ್ದೇನೆ. ಮುಂದೆ ಈ ಗಾಡಿಯನ್ನು ಕೊಳ್ಳುವವರ ಮನೆಯಲ್ಲಿಯೂ ಎಂಟು ಗಂಟೆಗೆ ಎಲ್ಲಿಗಾದರೂ ತಲುಪಲೇಬೇಕಾದವರು ಇರಬಹುದು.